ಇನ್ನೂರ ಮೂವತ್ತೊಂಬತ್ತು

ಐವತ್ತಮೂರನೆಯ ವಯಸ್ಸಿನಲ್ಲಿ ಸೊಂಟಕ್ಕೆ ಎರಡು ಒಣ ಸೋರೆಬುರುಡೆಗಳನ್ನು ಕಟ್ಟಿಕೊಂಡು, ತೆಂಗಿನ ತೋಟದ ಬಾವಿಯ ಮೆಟ್ಟಿಲ ಮೇಲೆ ನಡುಗುತ್ತಾ ನಿಂತಿದ್ದ ಒಬ್ಬ ಗುರುವನ್ನು ನೀವು ಕಲ್ಪಿಸಿಕೊಳ್ಳಬಲ್ಲಿರಾದರೆ, ನಾನು ಹೇಳಲಿರುವುದರಲ್ಲಿ ಅರ್ಧ ಭಾಗ ನಿಮಗೆ ಈಗಾಗಲೇ ತಿಳಿದಂತಾಯಿತು. ಬಾವಿಯ ಕಟ್ಟೆಯ ಮೇಲೆ ಏಳೆಂಟು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಕುಳಿತಿದ್ದರು. ಅವರಲ್ಲಿ ಇಬ್ಬರು ಹಿಂದೊಮ್ಮೆ ಬಲಿಪೂಜೆಯಲ್ಲಿ ನನ್ನ ಪಕ್ಕದಲ್ಲಿ ನಿಂತು ಗಂಟೆ ಬಾರಿಸುತ್ತಿದ್ದವರು. ಪೂಜೆಯ ವೇಳೆ ನಕ್ಕಿದ್ದಕ್ಕಾಗಿ ನಾನೇ ಅವರನ್ನು ಗದರಿದ್ದುಂಟು. ಅಂದು ಗದರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮ ಸೀಮೆಯಲ್ಲಿ ನೀರಿಗೆ ಕೊರತೆಯಿಲ್ಲ. ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ಹಾದು ಗೊರೂರಿಗೆ ಬರುತ್ತದೆ. ಅಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟು ಮೂವತ್ತೇಳು ಟಿ.ಎಂ.ಸಿ.ಯಷ್ಟು ನೀರನ್ನು ಹಿಡಿದಿಡುತ್ತದೆ. ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಹಳೆಯ ರೋಜರಿ ದೇವಾಲಯ ಅರ್ಧ ಮುಳುಗಿ ನಿಲ್ಲುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಎಡದಂಡೆಯ ನಾಲೆ ಚನ್ನರಾಯಪಟ್ಟಣ ತಾಲ್ಲೂಕನ್ನು ಹಾದು, ಬಾಗೂರು ನವಿಲೆಯ ಸುರಂಗವನ್ನು ದಾಟಿ ತುಮಕೂರಿನತ್ತ ಸಾಗುತ್ತದೆ. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರದ ಗದ್ದೆಗಳಿಗೆ ಇಳಿಯುತ್ತವೆ. ಅರಕಲಗೂಡು ತಾಲ್ಲೂಕಿನ ದಕ್ಷಿಣದಲ್ಲಿ ಕೊಣನೂರು, ರಾಮನಾಥಪುರಗಳ ಪಕ್ಕದಲ್ಲಿ ಕಾವೇರಿಯೇ ಹರಿಯುತ್ತಾಳೆ. ಹೊಳೆನರಸೀಪುರವಂತೂ ಹೊಳೆಯನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡ ಊರು. ಇಷ್ಟು ನೀರಿನ ನಡುವೆ ಬದುಕುವ ನಮ್ಮ ಮಕ್ಕಳಲ್ಲಿ ಈಜು ಬಲ್ಲವರೆಷ್ಟು ಎಂದು ಎಂದಾದರೂ ಕೇಳಿದ್ದೀರಾ? ಹದಿಮೂರು ವರ್ಷ ಈ ಜಿಲ್ಲೆಯಲ್ಲಿದ್ದ ನಾನೂ ಕೇಳಿರಲಿಲ್ಲ.

2018ರ ಅಕ್ಟೋಬರ್ ತಿಂಗಳು. ನಾನಾಗ ಅರಕಲಗೂಡು ತಾಲ್ಲೂಕಿನ ಒಂದು ಧರ್ಮಕೇಂದ್ರದಲ್ಲಿದ್ದೆ. ಹಾಸ್ಟೆಲಿನಲ್ಲಿ ಓದುತ್ತಿದ್ದ ಹನ್ನೆರಡು ವರ್ಷದ ಹುಡುಗನೊಬ್ಬ ದಸರೆಯ ರಜೆಗೆ ಊರಿಗೆ ಬಂದಿದ್ದ. ಕ್ರಿಕೆಟ್ ಚೆಂಡು ನಾಲೆಯ ಕಡೆಗೆ ಉರುಳಿತು. ಅದನ್ನು ತರಲು ಅವನು ಇಳಿದ. ನಾಲೆಯ ಗೋಡೆ ಇಳಿಜಾರಾಗಿರುತ್ತದೆ, ಸಿಮೆಂಟಿನದು, ನೀರು ತಾಗುವ ಕಡೆ ಪಾಚಿ ಕಟ್ಟಿರುತ್ತದೆ. ಹೊಳೆಯಲ್ಲಾದರೆ ಬಂಡೆಯೋ ಬೇರೋ ಹುಲ್ಲೋ ಕೈಗೆ ಸಿಕ್ಕೀತು. ನಾಲೆಯಲ್ಲಿ ಹಿಡಿಯಲು ಏನೂ ಇಲ್ಲ, ನೀರು ಮಾತ್ರ ನಿಲ್ಲದೆ ಎಳೆಯುತ್ತಿರುತ್ತದೆ. ಮರುದಿನ ಬೆಳಿಗ್ಗೆ ಎರಡು ಮೈಲಿ ಕೆಳಗೆ ಅವನು ಸಿಕ್ಕಿದ.

ಅಂತ್ಯಕ್ರಿಯೆಯ ಪೂಜೆಯಲ್ಲಿ ನಾನು ಪ್ರಬೋಧನೆ ಮಾಡಿದೆ. ದೇವರ ಚಿತ್ತ ನಮ್ಮ ಬುದ್ಧಿಗೆ ನಿಲುಕದ್ದು ಎಂದೆ. ಗುರುಮಠದಲ್ಲಿ ಕಲಿತದ್ದು, ಇಪ್ಪತ್ತು ವರ್ಷಗಳಲ್ಲಿ ಅನೇಕ ಬಾರಿ ಹೇಳಿದ್ದು. ಮಾತು ತಡವರಿಸದೆ ಬಂತು. ಏಳನೆಯ ದಿನದ ಪೂಜೆಯಾದ ಮೇಲೆ ಹುಡುಗನ ತಾತ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ತಪ್ಪು ತಿಳೀಬ್ಯಾಡಿ ಸ್ವಾಮಿ. ಅವತ್ತು ನೀವು ದೇವರ ಚಿತ್ತ ಅಂದ್ರಿ. ಈ ಊರಲ್ಲಿ ನೂರಾರು ಮಕ್ಳಿಗೆ ಈಜು ಕಲ್ಸಿದೋನು ನಾನು. ನನ್ನ ಮೊಮ್ಮಗನಿಗೆ ಕಲಿಸ್ಲಿಲ್ಲ. ಓದೋ ಹುಡುಗ, ನೆಗಡಿ ಆಯ್ತದೆ ಅಂತ ಅವರವ್ವ ಅಂದ್ಲು, ನಾನೂ ಸುಮ್ಕಾದೆ. ಅದು ದೇವರ ಚಿತ್ತ ಅಲ್ಲ, ನಂದು.”

ನಾನು ಉತ್ತರಿಸಲಿಲ್ಲ. ಅವರು ಉತ್ತರಕ್ಕಾಗಿ ಬಂದವರೂ ಆಗಿರಲಿಲ್ಲ. ಅಂದಿನಿಂದ ಆ ಹಿರಿಯರು ನೀರಿಗೆ ಇಳಿಯಲಿಲ್ಲವೆಂದು ಆಮೇಲೆ ತಿಳಿಯಿತು. ಅವರ ತೋಟದ ಮೆಟ್ಟಿಲು ಬಾವಿಯಲ್ಲಿ ಮೂವತ್ತು ವರ್ಷಗಳಿಂದ ಪ್ರತಿ ಬೇಸಿಗೆಯಲ್ಲಿಯೂ ಕೇಳುತ್ತಿದ್ದ ಗದ್ದಲ ನಿಂತುಹೋಯಿತು. ಮರುವರ್ಷ ನನಗೆ ಹಾಸನಕ್ಕೆ ವರ್ಗವಾಯಿತು.

2022ರಲ್ಲಿ ಆ ಊರಿನ ಹಬ್ಬಕ್ಕೆ ಹೋಗಿದ್ದಾಗ, ಊಟವಾದ ಬಳಿಕ ಅವರ ಬಳಿ ಕುಳಿತು, “ಯಜಮಾನರೇ, ನನಗೆ ಈಜು ಬರುವುದಿಲ್ಲ. ಕಲಿಸುತ್ತೀರಾ?” ಎಂದು ಕೇಳಿದೆ. ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತು ಅದು. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಈ ವಯಸ್ಸಿಗೆ ಯಾಕೆ ಸ್ವಾಮಿ?” ಎಂದರು. “ಮುಳುಗಿದವರಿಗಾಗಿ ಪ್ರಾರ್ಥನೆ ಹೇಳುವುದು ಮಾತ್ರ ನನಗೆ ಗೊತ್ತು” ಎಂದೆ. ಅವರು ಎದ್ದು ಹೋದರು, ನೋಯಿಸಿದೆನೆಂದೇ ತಿಳಿದೆ. ಎರಡು ವಾರಗಳ ಬಳಿಕ ಫೋನು ಬಂತು. ಸೋರೆಬುರುಡೆ ಹುಡುಕಿಟ್ಟಿದ್ದೇನೆ, ಸೋಮವಾರ ಬನ್ನಿ, ಎಂದರು.

ಅವರ ಪಾಠದ ಕ್ರಮ ಹೀಗಿತ್ತು. ಮೊದಲ ಕೆಲವು ದಿನ ಎರಡು ಬುರುಡೆ. ಕೈಕಾಲು ಬಡಿಯದೆ ನೀರಿನ ಮೇಲೆ ಮಲಗಲು ಕಲಿಯಬೇಕು. ನೀರು ನಮ್ಮನ್ನು ಹೊರುತ್ತದೆ ಎಂಬ ನಂಬಿಕೆ ಮೈಗೆ ಬರುವ ತನಕ ಮುಂದಿನ ಪಾಠವಿಲ್ಲ. ನಂಬಿಕೆಯನ್ನು ಕುರಿತು ಮೂವತ್ತು ವರ್ಷ ಮಾತನಾಡಿದ ನನಗೆ ಇದಕ್ಕೆ ಹನ್ನೊಂದು ದಿನ ಹಿಡಿಯಿತು. ಎಂಟು ವರ್ಷದ ಹುಡುಗಿಯೊಬ್ಬಳಿಗೆ ಎರಡೇ ದಿನ ಸಾಕಾಯಿತು. ಬಳಿಕ ಒಂದು ಬುರುಡೆ, ಆಮೇಲೆ ಸೊಂಟಕ್ಕೆ ಬರಿ ಹಗ್ಗ. ಕೊನೆಗೆ ಹಗ್ಗವನ್ನು ಯಾವಾಗ ಸಡಿಲ ಬಿಟ್ಟರೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ನನ್ನನ್ನು ನೋಡಿ ನಗಲು ಬಂದ ಮಕ್ಕಳೇ ಒಬ್ಬೊಬ್ಬರಾಗಿ ನೀರಿಗಿಳಿದರು. ಪಾಠ ಮುಗಿದಾಗ ಅವರು ಎಲ್ಲರನ್ನೂ ಮೇಲೆ ಹತ್ತಿಸಿ, ತಾವು ಎದೆಯ ಮಟ್ಟದ ನೀರಿನಲ್ಲಿ ನಿಂತು, ಬಾವಿಯ ಸುತ್ತ ಒಮ್ಮೆ ಕಣ್ಣಾಡಿಸಿ, “ಎಲ್ಲಾರೂ ಬಂದ್ರಾ?” ಎಂದು ಕೂಗುತ್ತಿದ್ದರು. ಮಕ್ಕಳು “ಬಂದ್ವೀ” ಎಂದು ಒಟ್ಟಾಗಿ ಕಿರುಚಬೇಕು. ಅಷ್ಟಾದ ಮೇಲೆಯೇ ಅವರು ಹತ್ತುತ್ತಿದ್ದದ್ದು. ಒಂದು ದಿನವೂ ಇದು ತಪ್ಪಿದ್ದನ್ನು ನಾನು ಕಾಣೆ.

ಕಲಿತದ್ದು ಮರೆಯಬಾರದೆಂದು ನಾನು ಹಾಸನದ ಈಜುಕೊಳಕ್ಕೆ ಹೋಗತೊಡಗಿದೆ. ಅಲ್ಲಿ ಇಬ್ಬರ ಪರಿಚಯವಾಯಿತು. ಒಬ್ಬರು ಚನ್ನರಾಯಪಟ್ಟಣದ ಕಡೆಯ ದೈಹಿಕ ಶಿಕ್ಷಕರು, ಬಾಲ್ಯದಲ್ಲಿ ಊರ ಕೆರೆಯಲ್ಲಿ ಎಮ್ಮೆಗಳ ಜೊತೆ ಈಜಿದವರು. ಇನ್ನೊಬ್ಬರು ಹೊಳೆನರಸೀಪುರದ ಲೈನ್‌ಮನ್, ಹೇಮಾವತಿಯ ಮಡುವುಗಳನ್ನೆಲ್ಲ ಬಲ್ಲವರು. ಶಿಕ್ಷಕರ ಬಾಯಿಂದಲೇ ‘ಮಾಸ್ಟರ್ಸ್ ಈಜು’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು. ಹೆಸರು ಕೇಳಿ ಇದು ಮೇಷ್ಟರುಗಳ ಸ್ಪರ್ಧೆ ಎಂದುಕೊಂಡಿದ್ದೆ! ಹಾಗಲ್ಲ. ಇಪ್ಪತ್ತೈದು ದಾಟಿದವರು ಐದೈದು ವರ್ಷಗಳ ಗುಂಪುಗಳಾಗಿ ತಮ್ಮ ಓರಗೆಯವರೊಡನೆ ಈಜುವ ಸ್ಪರ್ಧೆ ಇದು. ಅಮೆರಿಕದ ನೌಕಾದಳದ ವೈದ್ಯ ರಾನ್ಸಮ್ ಆರ್ಥರ್ ಎಂಬವರಿಗೆ ಹೊಳೆದ ವಿಚಾರ: ವಯಸ್ಕರಿಗೆ ವ್ಯಾಯಾಮ ಮಾಡಿರೆಂದು ಹೇಳಿದರೆ ಸಾಲದು, ಎದುರು ನೋಡಲು ಒಂದು ಸ್ಪರ್ಧೆಯೂ ಬೇಕು. ತರಬೇತುದಾರ ಜಾನ್ ಸ್ಪಾನತ್ ಅವರ ನೆರವಿನಿಂದ 1970ರ ಮೇ ತಿಂಗಳಲ್ಲಿ ಟೆಕ್ಸಾಸಿನ ಅಮರಿಲ್ಲೊ ನಗರದಲ್ಲಿ ಮೊದಲ ಕೂಟ ನಡೆದಾಗ ಬಂದವರು 46 ಮಂದಿ. 1986ರಲ್ಲಿ ಟೋಕಿಯೊದಲ್ಲಿ ವಿಶ್ವಮಟ್ಟದ ಕೂಟವೇ ನಡೆಯಿತು.

2023ರ ನವೆಂಬರಿನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಚಾಂಪಿಯನ್‌ಷಿಪ್ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲಿ ನಡೆಯಿತು. ಶಿಕ್ಷಕರೂ ನಾನೂ ಶಿರಾಡಿ ಘಾಟಿಯಿಳಿದು ಒಂದು ದಿನದ ಮಟ್ಟಿಗೆ ನೋಡಲು ಹೋದೆವು. ತಲೆ ನರೆತವರು, ಮಂಡಿಗೆ ಪಟ್ಟಿ ಕಟ್ಟಿದವರು, ಅಜ್ಜಿಯರಾದವರು ತಮ್ಮ ಸರದಿಗಾಗಿ ಕಾಯುತ್ತಾ ಕುಳಿತಿದ್ದರು. ಈಜಿ ಮುಗಿಸಿದವರು ಎದ್ದು ಹೋಗುತ್ತಿರಲಿಲ್ಲ. ತಮ್ಮ ಸಾಲಿನ ಕೊನೆಯವನು ಗೋಡೆ ಮುಟ್ಟುವ ತನಕ ನೀರಿನಲ್ಲಿಯೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಶಿಕ್ಷಕರು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಲೇ ಇದ್ದರು. ಸಕಲೇಶಪುರದಲ್ಲಿ ಕಾಫಿ ಕುಡಿಯುವ ಹೊತ್ತಿಗೆ, “ಫಾದರ್, ನಾವು ನಾಲ್ಕು ಜನ ಆದರೆ ರಿಲೇಗೆ ಸಾಕು” ಎಂದರು.

ಮಾಸ್ಟರ್ಸ್ ರಿಲೇಯ ನಿಯಮ ಸ್ವಾರಸ್ಯದ್ದು. ಇಲ್ಲಿ ಒಬ್ಬೊಬ್ಬರ ವಯಸ್ಸನ್ನು ನೋಡುವುದಿಲ್ಲ. ನಾಲ್ವರ ವಯಸ್ಸನ್ನೂ ಕೂಡಿಸುತ್ತಾರೆ. 120ರಿಂದ 159 ಒಂದು ಗುಂಪು, 160ರಿಂದ 199 ಇನ್ನೊಂದು, 200ರಿಂದ 239, 240ರಿಂದ 279, ಹೀಗೆ ನಲವತ್ತು ನಲವತ್ತರಂತೆ ಮೇಲಕ್ಕೆ. ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟಾಗುತ್ತದೋ ಅದೇ ವಯಸ್ಸು. ಹೀಗಾಗಿ ಮನೆಯಲ್ಲಿ ‘ವಯಸ್ಸಾಯಿತು, ಮೂಲೆಯಲ್ಲಿ ಕೂತಿರಿ’ ಎನ್ನಿಸಿಕೊಳ್ಳುವ ಹಿರಿಯರನ್ನು ಇಲ್ಲಿ ತಂಡಗಳು ಹುಡುಕಿಕೊಂಡು ಹೋಗುತ್ತವೆ. ನಾಲ್ಕನೆಯವರು ಯಾರೆಂದು ಶಿಕ್ಷಕರು ಕೇಳುವ ಮೊದಲೇ ನನಗೆ ಗೊತ್ತಿತ್ತು.

ಒಪ್ಪಿಸುವುದು ಸುಲಭವಾಗಿರಲಿಲ್ಲ. 2021ರಲ್ಲಿ ಉಡುಪಿಯ ಕಡೆಕಾರಿನ ಗಂಗಾಧರ್ ಎಂಬವರು 65ರ ವಯಸ್ಸಿನಲ್ಲಿ, ಪದ್ಮಾಸನದಲ್ಲಿರುವಂತೆಯೇ ಕಾಲುಗಳಿಗೆ ಸರಪಳಿ ಬಿಗಿದು, ಕಡಲಿನಲ್ಲಿ ಒಂದು ಕಿಲೋಮೀಟರಿಗಿಂತ ಹೆಚ್ಚು ಈಜಿದ್ದನ್ನು ಶಿಕ್ಷಕರು ಉತ್ಸಾಹದಿಂದ ವರ್ಣಿಸಿದರು. ಯಜಮಾನರು ಗಮನವಿಟ್ಟು ಕೇಳಿ, “ಕಾಲು ಬಿಚ್ಚಿಕೊಂಡೇ ಈಜಬೋದಿತ್ತಲ್ಲ” ಎಂದರು. ಕೊನೆಗೆ ಅವರನ್ನು ಒಪ್ಪಿಸಿದ್ದು ಬಾವಿಯ ಮಕ್ಕಳು. ತಾತ ಬೆಂಗಳೂರಿನಲ್ಲಿ ಈಜುತ್ತಾರೆ ಎಂದು ಅವರಾಗಲೇ ಊರಿಗೆಲ್ಲ ಸಾರಿಬಿಟ್ಟಿದ್ದರು.

2024ರಲ್ಲಿ ಅರ್ಜಿ ತುಂಬಲು ಕುಳಿತೆವು. ಶಿಕ್ಷಕರಿಗೆ 57, ಲೈನ್‌ಮನ್‌ರಿಗೆ 59, ನನಗೆ 55, ಆಧಾರ್ ಕಾರ್ಡಿನ ಪ್ರಕಾರ ಯಜಮಾನರಿಗೆ 68. ಕೂಡಿದರೆ 239! ಇನ್ನೊಂದೇ ಒಂದು ವರ್ಷವಿದ್ದರೆ ಮೇಲಿನ ಗುಂಪಿನಲ್ಲಿ ಹಿರಿಯರೊಡನೆ ಈಜಬಹುದಿತ್ತು. ಈಗ 200ರಿಂದ ಆರಂಭವಾಗುವ ಗುಂಪು, ಎಂದರೆ ಸರಾಸರಿ ಐವತ್ತರ ಆಸುಪಾಸಿನವರೊಡನೆ. ಕಾರ್ಡಿನಲ್ಲಿದ್ದ ಜನ್ಮದಿನಾಂಕ 1956ರ ಜೂನ್ 1. ಓದುಗರೇ, ನಿಮ್ಮ ಮನೆಯ ಹಿರಿಯರ ದಾಖಲೆ ತೆಗೆದು ನೋಡಿ. ಅವರೂ ಜೂನ್ 1ರಂದೇ ಹುಟ್ಟಿರುವ ಸಂಭವ ಬಹಳ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಖು ಅದು. ನಾನು ಹಾಸನದ ದೇವಾಲಯದ ಹಳೆಯ ದೀಕ್ಷಾಸ್ನಾನದ ದಫ್ತರವನ್ನು ತೆಗೆದೆ. ಅವರ ತಂದೆ ಮಗುವನ್ನು ಎತ್ತಿನ ಗಾಡಿಯಲ್ಲಿ ಹಾಸನಕ್ಕೆ ಕರೆತಂದಿದ್ದರಂತೆ. ಲ್ಯಾಟಿನ್ ಭಾಷೆಯಲ್ಲಿ, ಓರೆಯಾದ ಸಣ್ಣ ಅಕ್ಷರಗಳಲ್ಲಿ ಅವರ ಹೆಸರು ಸಿಕ್ಕಿತು. ಹುಟ್ಟಿದ ವರ್ಷ 1954. ಎಂದರೆ 70; ಎಂದರೆ ನಾಲ್ವರದು 241.

ಶಿಕ್ಷಕರು ಕುಣಿದಾಡಿದರು. ದಫ್ತರದ ಪ್ರತಿಯನ್ನು ಲಗತ್ತಿಸಿ ಪತ್ರ ಬರೆಯೋಣವೆಂದರು. ಅರ್ಜಿಯಲ್ಲಿ ಆಧಾರ್ ಪ್ರತಿಯನ್ನೇ ಕೇಳಿದ್ದರು. ಆದರೂ ನನ್ನ ಮನಸ್ಸೂ ಅತ್ತಲೇ ಇತ್ತು, ಬರೆದಿರುವುದು ಸತ್ಯವೇ ತಾನೆ! ಯಜಮಾನರು ಮಾತ್ರ ದಫ್ತರದ ಆ ಪುಟವನ್ನು ಬಹಳ ಹೊತ್ತು ನೋಡುತ್ತಾ ಕುಳಿತರು. ಅದೇ ಕಾರ್ಡಿನಿಂದಾಗಿ ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಎರಡು ವರ್ಷ ತಡವಾಗಿ ಬಂದಿತ್ತು. “ಪಿಂಚಣಿಗೇ ಜಗಳ ಮಾಡ್ಲಿಲ್ಲ ನಾನು. ಈಜಕ್ಕೆ ಯಾಕೆ? ಅರವತ್ತೆಂಟೇ ಇರ್ಲಿ ಬಿಡಿ” ಎಂದರು. ಹಾಗೆ ನಾವು ಇನ್ನೂರ ಮೂವತ್ತೊಂಬತ್ತು ವರ್ಷದವರಾಗಿಯೇ ಉಳಿದೆವು. ನಮ್ಮ ಕೂಟಕ್ಕೊಂದು ಹೆಸರಿರಲಿಲ್ಲ. ಅರ್ಜಿಯಲ್ಲಿ ‘ಹಾಸನ’ ಎಂದಷ್ಟೇ ಬರೆದೆವು.

ಆರು ತಿಂಗಳ ಅಭ್ಯಾಸದ ಕಥೆಯನ್ನು ಬಿಡುತ್ತೇನೆ. ಭಾನುವಾರದ ಪೂಜೆಗಳ ಮರುದಿನ ನನ್ನ ಭುಜಗಳು ಎಷ್ಟು ನೋಯುತ್ತಿದ್ದವೆಂಬುದು ನನ್ನ ಅಡಿಗೆಯವರಿಗೆ ಗೊತ್ತು.

ಬೆಂಗಳೂರಿನ ಆ ಕೊಳ ಐವತ್ತು ಮೀಟರ್ ಉದ್ದದ್ದು. ನಮ್ಮದು ನಾಲ್ಕು ಐವತ್ತರ ಫ್ರೀಸ್ಟೈಲ್ ರಿಲೇ, ಒಬ್ಬೊಬ್ಬರಿಗೆ ಒಂದೊಂದು ಉದ್ದ. ಹಾಗಾಗಿ ಇಬ್ಬರು ಈ ತುದಿಯಲ್ಲಿ, ಇಬ್ಬರು ಆ ತುದಿಯಲ್ಲಿ ನಿಲ್ಲಬೇಕು. ಶಿಕ್ಷಕರು ಮೊದಲು, ಎದುರು ತುದಿಯಿಂದ ನಾನು ಎರಡನೆಯವನು, ಈ ತುದಿಯಿಂದ ಲೈನ್‌ಮನ್, ಕೊನೆಗೆ ಎದುರಿನಿಂದ ಯಜಮಾನರು. ಫ್ರೀಸ್ಟೈಲ್ ಎಂದರೆ ಯಾವ ಬಗೆಯಲ್ಲಾದರೂ ಈಜಬಹುದು. ಆದ್ದರಿಂದ ಅವರ ಕಪ್ಪೆ ಈಜಿಗೆ ಅಡ್ಡಿಯಿಲ್ಲ. ಎತ್ತರದ ಕಟ್ಟೆಯಿಂದ ಧುಮುಕಲೇಬೇಕೆಂದೂ ಇಲ್ಲ. ಮಾಸ್ಟರ್ಸ್‌ನಲ್ಲಿ ನೀರಿನಲ್ಲಿಯೇ ಗೋಡೆ ಹಿಡಿದು ನಿಂತು ಹೊರಡಲು ಅನುಮತಿಯಿದೆ. ಒಂದೇ ಷರತ್ತು: ಹಿಂದಿನವನ ಕೈ ಗೋಡೆಗೆ ತಾಗುವ ತನಕ ಮುಂದಿನವನು ಜಾಗ ಬಿಡಬಾರದು. ಬಿಟ್ಟರೆ ತಂಡವೇ ಹೊರಕ್ಕೆ.

ನೀರನ್ನು ಕಂಡು ಯಜಮಾನರು ಮುಖ ಕಿವಿಚಿದರು. ಕ್ಲೋರಿನ್ ವಾಸನೆ ಅವರಿಗೆ ಹಿಡಿಸಲಿಲ್ಲ. ತಳದ ನೀಲಿ ಬಿಲ್ಲೆಗಳು ಸ್ಪಷ್ಟವಾಗಿ ಕಾಣುತ್ತಿದ್ದುದೂ ಹಿಡಿಸಲಿಲ್ಲ. ತಲೆಗೆ ರಬ್ಬರಿನ ಟೋಪಿ ಹಾಕಿಕೊಳ್ಳಲೇಬೇಕೆಂದಾಗ ಒಮ್ಮೆ ನನ್ನ ಕಡೆ ತಿರುಗಿ ನೋಡಿದರು, ಅಷ್ಟೇ. ಕನ್ನಡಕ ಮಾತ್ರ ಬೇಡವೆಂದರು.

ಸೀಟಿ ಊದಿತು. ಶಿಕ್ಷಕರು ಚೆನ್ನಾಗಿಯೇ ಬಂದರು. ಅವರು ಗೋಡೆ ಮುಟ್ಟಿದಾಗ ನಾವು ಎಂಟು ತಂಡಗಳಲ್ಲಿ ಐದನೆಯವರು. ಆಮೇಲೆ ನಾನಿಳಿದೆ, ನಾವು ಎಂಟನೆಯವರಾದೆವು. ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ. ಮೂವತ್ತು ಮೀಟರ್ ಆಗುವಷ್ಟರಲ್ಲಿ ನನ್ನ ಉಸಿರು ಮುಗಿದಿತ್ತು. ಮಲಗಿದರೆ ನೀರು ಹೊರುತ್ತದೆ ಎಂಬ ಬಾವಿಯ ಮಾತು ನೆನಪಾಗಿ ಕ್ಷಣಕಾಲ ಕೈ ಸಡಿಲಿಸಿದೆ, ಮತ್ತೆ ಹೊರಟೆ. ನನ್ನ ಕೈ ಗೋಡೆಗೆ ತಾಗುತ್ತಲೇ ಲೈನ್‌ಮನ್ ತಲೆಯ ಮೇಲಿನಿಂದ ಹಾರಿದ್ದು ನೆರಳಿನಂತೆ ಕಂಡಿತು. ಅವರು ಎಷ್ಟು ವೇಗವಾಗಿ ಹೋದರೂ ನಾನು ಕಳೆದದ್ದನ್ನು ಗಳಿಸಲು ಆಗಲಿಲ್ಲ. ಅವರು ಎದುರು ತುದಿ ಮುಟ್ಟುವಾಗ ಮೊದಲ ಎರಡು ತಂಡಗಳ ಕೊನೆಯವರು ನಮ್ಮ ಕಡೆಗೆ ಅರ್ಧದಷ್ಟು ಬಂದಾಗಿತ್ತು.

ನಾನು ಮೇಲೆ ಹತ್ತಿ ಅಂಚಿನಲ್ಲಿ ಮಂಡಿಯೂರಿದ್ದೆ. ಎದುರು ತುದಿಯಲ್ಲಿ ಬಿಳಿ ಟೋಪಿಯೊಂದು ಗೋಡೆಯಿಂದ ಬಿಟ್ಟುಕೊಂಡಿತು. ಕೊಳದಲ್ಲಿ ಕಲಿತವರು ಮುಖವನ್ನು ನೀರಿನೊಳಗಿಟ್ಟು ಈಜುತ್ತಾರೆ. ಹೊಳೆಯಲ್ಲಿ ಕಲಿತವರು ಹಾಗೆ ಮಾಡುವುದಿಲ್ಲ. ಎದುರು ದಡ ಕಾಣುತ್ತಿರಬೇಕು, ತೇಲಿ ಬರುವ ಮರದ ತುಂಡು ಕಾಣುತ್ತಿರಬೇಕು. ಅವರು ತಲೆಯೆತ್ತಿ, ಎಡಕ್ಕೂ ಬಲಕ್ಕೂ ಒಮ್ಮೊಮ್ಮೆ ನೋಡುತ್ತಾ, ಅವಸರವಿಲ್ಲದೆ ಬರುತ್ತಿದ್ದರು. ಉಳಿದ ಏಳು ಸಾಲುಗಳೂ ಒಂದೊಂದಾಗಿ ಮುಗಿದವು. ಇನ್ನೂ ಇಪ್ಪತ್ತು ಮೀಟರ್ ಇತ್ತು. ಆಗ ಚಪ್ಪಾಳೆ ಆರಂಭವಾಯಿತು. ಮಂಗಳೂರಿನಲ್ಲಿ ಕಂಡಿದ್ದೆನಲ್ಲ, ಅದೇ ಚಪ್ಪಾಳೆ, ಅವರ ಕೈ ಬೀಸಿನ ಲಯಕ್ಕೆ ಸರಿಯಾಗಿ. ಶಿಕ್ಷಕರು ನನ್ನ ಭುಜವನ್ನು ಹಿಡಿದುಕೊಂಡಿದ್ದರು. ಎದುರು ತುದಿಯಲ್ಲಿ ಲೈನ್‌ಮನ್ ನೀರಿನಲ್ಲಿಯೇ ನಿಂತಿದ್ದರು. ಆರು ವರ್ಷಗಳ ಹಿಂದೆ ನನ್ನ ಬಾಗಿಲಲ್ಲಿ, ಒಳಗೆ ಬಾರದೆ ನಿಂತಿದ್ದ ಮುಖ ಈಗ ನನ್ನ ಕಡೆಗೆ ಬರುತ್ತಿತ್ತು. ನಾನು ಅಳುತ್ತಿದ್ದೆನೆಂದು ಶಿಕ್ಷಕರು ಆಮೇಲೆ ಹೇಳಿದರು; ಮೈಯೆಲ್ಲ ಒದ್ದೆಯಾಗಿದ್ದರಿಂದ ನನಗೆ ತಿಳಿದಿರಲಿಲ್ಲ.

ಯಜಮಾನರು ಗೋಡೆ ಮುಟ್ಟಿದರು. ಚಪ್ಪಾಳೆಯ ಕಡೆ ಅವರ ಗಮನವಿರಲಿಲ್ಲ. ಒಂದು ಕೈಯಿಂದ ಗೋಡೆ ಹಿಡಿದು, ಹಿಂದಕ್ಕೆ ತಿರುಗಿ, ಆ ಐವತ್ತು ಮೀಟರ್ ನೀರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ಕಣ್ಣಾಡಿಸಿದರು.

“ಎಲ್ಲಾರೂ ಬಂದ್ರಾ ಸ್ವಾಮಿ?”

“ಬಂದರು, ಯಜಮಾನರೇ. ನೀವೇ ಕೊನೆಯವರು.”

ಹಾಗಾದರೆ ಸರಿ ಎಂಬಂತೆ ಅವರು ತಲೆಯಾಡಿಸಿ, ಹತ್ತಲು ಕೈ ಚಾಚಿದರು.

ಸಂಜೆಯ ಬಸ್ಸಿನಲ್ಲಿ ಮರಳಿದೆವು. ಶಿಕ್ಷಕರು ಚನ್ನರಾಯಪಟ್ಟಣದಲ್ಲಿ ಇಳಿದರು, ಹೊಳೆನರಸೀಪುರದ ಬಸ್ಸು ಹಿಡಿಯಲು ಲೈನ್‌ಮನ್ನರೂ ಅಲ್ಲಿಯೇ ಇಳಿದರು. ಅರಕಲಗೂಡಿನ ಕಡೆಗೆ ಕೊನೆಯ ಬಸ್ಸು ಹೋಗಿಬಿಟ್ಟಿದ್ದರಿಂದ ಯಜಮಾನರು ಅಂದು ರಾತ್ರಿ ಹಾಸನದಲ್ಲಿ, ನಮ್ಮ ಗುರುನಿವಾಸದಲ್ಲಿಯೇ ಉಳಿದರು. ಊಟ ಮಾಡುತ್ತಾ, ಬರುವ ಬೇಸಿಗೆಗೆ ಇನ್ನೂ ಹತ್ತು ಸೋರೆಬುರುಡೆ ಬೇಕಾಗುತ್ತದೆ, ಎಳೆಯದರಲ್ಲಿ ಕೀಳದೆ ಬಳ್ಳಿಯಲ್ಲಿಯೇ ಒಣಗಲು ಬಿಡುವಂತೆ ನಿಮ್ಮ ಜನಕ್ಕೆ ಪೂಜೆಯಲ್ಲಿ ಹೇಳಿ ಎಂದರು. ಮರುಭಾನುವಾರ ಪ್ರಕಟಣೆಗಳ ವೇಳೆ ಅದನ್ನು ಹೇಳಿದೆ. ಈ ತನಕ ಏಳು ಬಂದಿವೆ.